ನಿಷೇಧದ ಅಳತೆಗೋಲು ಮತ್ತು ಜೈನ ಸಮಾಜ



ಮುಖ ಮುಚ್ಚುವ ವಸ್ತ್ರವನ್ನೂ ಧಾರ್ಮಿಕ ಉಡುಪನ್ನೂ ಕಾನೂನಿನಿಂದ ನಿಷೇಧಿಸಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಜೈನ ಸಮಾಜದ ಬಹುಮಂದಿ ಅದನ್ನು ಪರರ ಮನೆಯ ವ್ಯಾಜ್ಯವೆಂದು ಭಾವಿಸುತ್ತಾರೆ. ಕೆಲವರು ನಿಷೇಧಕ್ಕೆ ಚಪ್ಪಾಳೆ ತಟ್ಟುವುದೂ ಉಂಟು. ಆದರೆ ಸ್ಥಾನಕವಾಸಿ ಮತ್ತು ತೇರಾಪಂಥಿ ಸಾಧು-ಸಾಧ್ವಿಯರು ವಾಯುಕಾಯ ಜೀವಗಳ ರಕ್ಷಣೆಗಾಗಿ ಮುಖವಸ್ತ್ರಿಕೆಯನ್ನು ಧರಿಸುತ್ತಾರೆ. ದಿಗಂಬರ ಮುನಿಗಳು ವಸ್ತ್ರವನ್ನೇ ತ್ಯಜಿಸಿದವರು. ಒಂದೆಡೆ ಬಾಯಿಯನ್ನು ಮುಚ್ಚುವ ವ್ರತ, ಇನ್ನೊಂದೆಡೆ ಏನನ್ನೂ ಉಡದ ವ್ರತ. ಪ್ರಜೆಯ ಮೈಮೇಲಿನ ಬಟ್ಟೆಯನ್ನು ಅಳೆಯುವ ಅಧಿಕಾರ ಸರ್ಕಾರಕ್ಕೆ ದೊರೆತರೆ ಇವೆರಡೂ ಆ ಅಳತೆಗೋಲಿನಡಿ ಬಾರದೆ ಇರಲಾರವು. 2016ರಲ್ಲಿ ಮುನಿಶ್ರೀ ತರುಣಸಾಗರರು ಹರಿಯಾಣ ವಿಧಾನಸಭೆಯಲ್ಲಿ ಪ್ರವಚನ ನೀಡಿದಾಗ ಎದ್ದ ಅಪಹಾಸ್ಯವನ್ನು ಸಮಾಜ ಇಷ್ಟು ಬೇಗ ಮರೆಯಬಾರದು.

ಫ್ರಾನ್ಸ್ 2010ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮರೆಮಾಚುವುದನ್ನು ನಿಷೇಧಿಸಿತು. 2011ರ ಏಪ್ರಿಲ್‌ನಿಂದ ಅದು ಜಾರಿಗೆ ಬಂದಿತು. 2014ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿದದ್ದು ನಿಜ. ಆದರೆ ಹೇಗೆ? ಸಾರ್ವಜನಿಕ ಸುರಕ್ಷತೆಗಾಗಿ ಇಂಥ ಸಾರಾಸಗಟು ನಿಷೇಧ ಅಗತ್ಯವೆಂಬ ವಾದವನ್ನು ಅದು ಒಪ್ಪಲಿಲ್ಲ. ಸ್ತ್ರೀ ಸಮಾನತೆಯ ವಾದವನ್ನೂ ಒಪ್ಪಲಿಲ್ಲ. ಕಡೆಗೆ ಉಳಿದದ್ದು ‘ಕೂಡಿ ಬಾಳುವಿಕೆ’ ಎಂಬ ಒಂದೇ ಆಧಾರ. ಬಹುಸಂಖ್ಯಾತರ ಕಣ್ಣಿಗೆ ಯಾವುದು ಒಗ್ಗುವುದೋ ಅದೇ ಕೂಡಿ ಬಾಳುವಿಕೆಯಾದರೆ, ಅಲ್ಪಸಂಖ್ಯಾತರ ಯಾವ ಆಚಾರ ಸುರಕ್ಷಿತವಾಗಿ ಉಳಿದೀತು?

ನಿಷೇಧವಾದಿಗಳ ವಾದದಲ್ಲಿಯೂ ಸತ್ಯಾಂಶವಿದೆ. ವಿಮಾನ ನಿಲ್ದಾಣ, ಪರೀಕ್ಷಾ ಕೊಠಡಿ, ಮತಗಟ್ಟೆ ಇಲ್ಲೆಲ್ಲ ಗುರುತು ದೃಢಪಡಲೇಬೇಕು. ಆ ಕ್ಷಣಕ್ಕೆ ಮುಖ ತೋರಿಸುವುದು ಎಲ್ಲರಿಗೂ ಅನ್ವಯಿಸುವ ನಿಯಮ. ಮನೆಯವರ ಬಲವಂತಕ್ಕೆ ಮುಸುಕು ಹಾಕುವ ಹೆಣ್ಣುಮಕ್ಕಳೂ ಇದ್ದಾರೆ. ಸುಧಾರಣೆಯನ್ನು ಬಯಸುವವರು ಇದಕ್ಕೆ ಕಣ್ಣು ಮುಚ್ಚಲಾಗದು. ಇಲ್ಲಿ ಫ್ರಾನ್ಸಿನ ಕಾನೂನಿನ ಎರಡು ಭಾಗಗಳನ್ನು ಬೇರೆಬೇರೆಯಾಗಿ ಓದಬೇಕು. ಇನ್ನೊಬ್ಬರಿಗೆ ಮುಖ ಮುಚ್ಚುವಂತೆ ಬಲವಂತ ಮಾಡಿದವನಿಗೆ ಒಂದು ವರ್ಷದವರೆಗೆ ಸೆರೆವಾಸ, 30,000 ಯೂರೋ ದಂಡ. ಬಲವಂತಕ್ಕೊಳಗಾದವರು ಅಪ್ರಾಪ್ತರಾಗಿದ್ದರೆ ಅದರ ಇಮ್ಮಡಿ. ಇದು ನ್ಯಾಯ. ಆದರೆ ಮುಖ ಮುಚ್ಚಿದವಳಿಗೂ 150 ಯೂರೋವರೆಗೆ ದಂಡವಿದೆ. ಬಲವಂತಕ್ಕೆ ಸಿಕ್ಕಿದವಳೂ ಸ್ವಇಚ್ಛೆಯಿಂದ ಧರಿಸಿದವಳೂ ಒಂದೇ ದಂಡ ತೆರಬೇಕೆಂಬುದು ಯಾವ ಲೆಕ್ಕಕ್ಕೂ ಕೂಡದು.

ಕರ್ನಾಟಕದಲ್ಲಿ ವಿವಾದ ಮುಖಕ್ಕೆ ಸಂಬಂಧಿಸಿದ್ದಲ್ಲ, ತಲೆವಸ್ತ್ರಕ್ಕೆ ಸಂಬಂಧಿಸಿದ್ದು. 2022ರ ಮಾರ್ಚ್ 15ರಂದು ಹೈಕೋರ್ಟ್, ಹಿಜಾಬು ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲವೆಂದು ತೀರ್ಪಿತ್ತಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ‘ಅತ್ಯಗತ್ಯ ಆಚರಣೆ’ ಎಂಬ ಪರಿಕಲ್ಪನೆ ಬೇರುಬಿಟ್ಟದ್ದು 1954ರ ಶಿರೂರು ಮಠದ ಪ್ರಕರಣದಲ್ಲಿ. ಆ ಮಠ ಇರುವುದೂ ಹಿಜಾಬು ವಿವಾದ ಹುಟ್ಟಿದ ಉಡುಪಿಯಲ್ಲಿಯೇ. ಯಾವುದು ಅತ್ಯಗತ್ಯವೆಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ಅರಿಯಬೇಕೆಂದು ಅಂದು ಸುಪ್ರೀಂ ಕೋರ್ಟ್ ಹೇಳಿತ್ತು. ಕಾಲಕ್ರಮದಲ್ಲಿ ನ್ಯಾಯಾಧೀಶರೇ ಶಾಸ್ತ್ರವಿಚಾರಕ್ಕೆ ಕುಳಿತರು.

ಇದರ ಬಿಸಿ ಜೈನ ಸಮಾಜಕ್ಕೆ ತಟ್ಟಿದ್ದು ಹಿಜಾಬಿಗಿಂತ ಮೊದಲೇ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಇದೇ ಅಳತೆಗೋಲನ್ನು ಹಿಡಿದು ಸಂಥಾರಾ ಜೈನರ ಅತ್ಯಗತ್ಯ ಆಚರಣೆಯಲ್ಲವೆಂದಿತು; ಅದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಬೆಳಗಾವಿ ಸೀಮೆಯ ಭೋಜದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದ್ದನ್ನು ಬಲ್ಲ ಸಮಾಜ ಬೀದಿಗಿಳಿದು ಮೌನ ಮೆರವಣಿಗೆ ನಡೆಸಿತು. ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ತಮಗೆ ಅನ್ವಯವಾದಾಗ ಅನ್ಯಾಯವೆನಿಸಿದ ಅಳತೆಗೋಲು ಏಳು ವರ್ಷಗಳ ಬಳಿಕ ಪರರಿಗೆ ಅನ್ವಯವಾದಾಗ ನ್ಯಾಯವಾಗುವುದು ಹೇಗೆ?

ಇದಕ್ಕಿಂತ ಉತ್ತಮವಾದ ಅಳತೆಗೋಲು 1986ರಲ್ಲಿಯೇ ದೊರೆತಿದೆ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡದಿದ್ದ ಕಾರಣಕ್ಕೆ ಶಾಲೆಯಿಂದ ಹೊರಹಾಕಲ್ಪಟ್ಟ ಕೇರಳದ ಮೂವರು ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು. ನಂಬಿಕೆ ಪ್ರಾಮಾಣಿಕವಾದುದೇ, ಅದರಿಂದ ಪರರಿಗೆ ಹಾನಿಯುಂಟೇ ಎಂದಷ್ಟೇ ನೋಡಿದರೆ ಸಾಕು. ಪರರ ದೃಷ್ಟಿಯಲ್ಲಿಯೂ ಸತ್ಯದ ಅಂಶವಿರಬಹುದೆಂದು ಬೋಧಿಸುವ ಅನೇಕಾಂತಕ್ಕೆ ಇದು ಹತ್ತಿರವಾದ ಮಾರ್ಗ.

ಜೈನ ಟ್ರಸ್ಟುಗಳು ನಡೆಸುವ ಶಾಲಾ-ಕಾಲೇಜುಗಳು ಅನೇಕ ಇವೆ. ಕರ್ನಾಟಕದ 2022ರ ಆದೇಶದಲ್ಲಿಯೂ ಖಾಸಗಿ ಸಂಸ್ಥೆಗಳ ಸಮವಸ್ತ್ರವನ್ನು ಆಯಾ ಆಡಳಿತ ಮಂಡಳಿಯ ತೀರ್ಮಾನಕ್ಕೇ ಬಿಡಲಾಗಿತ್ತು. ಸಮವಸ್ತ್ರದ ಬಣ್ಣದ್ದೇ ತಲೆವಸ್ತ್ರ ತೊಟ್ಟು ಬರುವ ಹುಡುಗಿಗೆ ಬಾಗಿಲು ಮುಚ್ಚುವುದಿಲ್ಲವೆಂದು ಈ ಟ್ರಸ್ಟುಗಳು ತಮ್ಮ ಮುಂದಿನ ಸಭೆಯಲ್ಲಿ ಠರಾವು ಮಾಡಲಿ. ಅದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ. ಹಾಗೆ ಮಾಡಿದ ಸಮಾಜಕ್ಕೆ ನಾಳೆ ತನ್ನ ಮುನಿಗಳ ಪರವಾಗಿ ನ್ಯಾಯ ಕೇಳುವ ನೈತಿಕ ಬಲ ಉಳಿದಿರುತ್ತದೆ.

ಜಯ ಜಿನೇಂದ್ರ.