ಕಟ್ಟಿದ ಚೀಲ, ಬಿಚ್ಚಿದ ಚೀಲ



ಹೀಗೆ ಎಣಿಸಿಕೊಳ್ಳಿರಿ. ನೀವು ನೌಕರಿಯ ಸಲುವಾಗಿ ಗೋಕಾಕದಲ್ಲಿ ಮನೆ ಮಾಡಿಕೊಂಡಿದ್ದೀರಿ. ನಿಮ್ಮ ಹಿರಿಯರ ಹೊಲ ಮಸಗುಪ್ಪಿಯಲ್ಲಿ, ಘಟಪ್ರಭೆಯ ದಂಡೆಗೆ ಇದೆ. ನಿಮ್ಮ ತಮ್ಮ ಅದನ್ನು ನೋಡಿಕೊಂಡು ಹೋಗುತ್ತಾನೆ. ಮಾರ್ಚ್ ತಿಂಗಳ ಒಂದು ಸಂಜೆ ಅವನ ಫೋನು ಬರುತ್ತದೆ.

"ಅಣ್ಣಾ, ಅರಿಷಿಣ ಒಣಗಿ ಇಪ್ಪತ್ತು ಕ್ವಿಂಟಲ್ ಆಗೇದ. ಚೀಲಾ ತುಂಬಿ ಬಾಯಿ ಹೊಲದ ಇಟ್ಟೀವಿ. ವ್ಯಾಪಾರಿ ಪಡಸಾಲ್ಯಾಗ ಕುಂತಾನ. ಚೀಲಾ ಬಿಚ್ಚಬ್ಯಾಡ್ರಿ, ಆರಸಬ್ಯಾಡ್ರಿ, ಇದ್ದಂಗ ಕೊಡ್ರಿ, ರೊಕ್ಕಾ ಈಗ ಎಣಸ್ತೀನಿ ಅಂತಾನ. ಅವ್ವ ಬ್ಯಾಡಂತಾಳ. ಆರಿಸಿ, ಪಾಲಿಶ್ ಮಾಡಿಸಿ ಸಾಂಗಲಿಗೆ ಒಯ್ಯೂಣು ಅಂತಾಳ. ನೀ ಏನಂತಿ?"

ನೀವು ಏನು ಹೇಳುವಿರಿ? ಮಾತು ಸಣ್ಣದಲ್ಲ. ಮೇ-ಜೂನ್‌ದಲ್ಲಿ ಊರಿದ ಬೀಜ, ಎಂಟು-ಒಂಬತ್ತು ತಿಂಗಳ ನೀರು, ಗೊಬ್ಬರ, ಕಳೆ, ಅಗೆತ, ಕುದಿಸುವದು, ಹತ್ತು-ಹದಿನೈದು ದಿನ ಬಿಸಿಲಿಗೆ ಹರವಿ ಕಾಯುವದು, ಇಷ್ಟೆಲ್ಲ ಆದ ಮೇಲೆ ಕೈಗೆ ಬಂದದ್ದು ಇದು. ಹಸಿ ಗಡ್ಡೆಯ ತೂಕದಲ್ಲಿ ಒಣಗಿ ಉಳಿಯುವದು ಹೆಚ್ಚು ಕಡಿಮೆ ಐದರಲ್ಲಿ ಒಂದು ಪಾಲು. ಸೊಸೈಟಿಯ ಸಾಲ, ಮಕ್ಕಳ ಕಾಲೇಜಿನ ಫೀ ಎರಡೂ ಈ ಚೀಲಗಳ ಮೇಲೆಯೇ ನಿಂತಿವೆ. ವ್ಯಾಪಾರಿಯ ಮಾತು ಸರಿಯೊ, ಅವ್ವನ ಮಾತು ಸರಿಯೊ, ಇದನ್ನು ಈ ಹೊತ್ತು ಕೂಡಿ ವಿಚಾರ ಮಾಡೋಣ.

ಮೊದಲು ಚೀಲದೊಳಗೆ ಏನಿದೆ ಎಂಬುದನ್ನು ನೋಡಿರಿ. ಅರಿಷಿಣವೆಂದರೆ ಒಂದೇ ಮಾಲಲ್ಲ. ಉದ್ದನೆಯ ಕೊಂಬುಗಳಿವೆ, ದುಂಡನೆಯ ತಾಯಿಗಡ್ಡೆಗಳಿವೆ, ಮುರುಕು ಚೂರುಗಳಿವೆ, ಬೇರು, ಸಿಪ್ಪೆ, ಮಣ್ಣು ಇವೆ. ಪೇಟೆಯಲ್ಲಿ ಕೊಂಬಿಗೆ ಒಂದು ಧಾರಣೆ, ಗಡ್ಡೆಗೆ ಅದಕ್ಕಿಂತ ಕಡಿಮೆ ಧಾರಣೆ, ಚೂರಿಗೆ ಇನ್ನೂ ಕಡಿಮೆ. 1937ರ ಕಾಯದೆಯಿಂದ ಹುಟ್ಟಿದ ಆಗ್‌ಮಾರ್ಕ್ ಪದ್ಧತಿಯಲ್ಲಿ ಅರಿಷಿಣದ ಕೊಂಬಿಗೆ ವಿಶೇಷ, ಉತ್ತಮ, ಸಾಧಾರಣ ಎಂದು ಮೂರು ದರ್ಜೆಗಳುಂಟು. ವಿಶೇಷ ದರ್ಜೆಯ ಕೊಂಬಿನಲ್ಲಿ ಗಡ್ಡೆ ನೂರಕ್ಕೆ 2ಕ್ಕಿಂತ ಹೆಚ್ಚು ಬೆರೆತಿರಬಾರದು. ಉತ್ತಮದಲ್ಲಿ 3, ಸಾಧಾರಣದಲ್ಲಿ 5. ಮುರಿದರೆ ಲೋಹ ಮಿಡಿದಂತೆ ಟಣ್ಣೆಂದು ಸದ್ದು ಬರಬೇಕು.

ಹಾಗಾದರೆ ಬಾಯಿ ಹೊಲಿದ ಚೀಲಕ್ಕೆ ವ್ಯಾಪಾರಿ ಕೊಡುವ ಬೆಲೆ ಯಾವುದರ ಬೆಲೆ? ಒಳಗೆ ಒಳ್ಳೆಯದೂ ಇದ್ದೀತು, ಹುಳುಕೂ ಇದ್ದೀತು. ಎರಡನ್ನೂ ಕೂಡಿಸಿ ಭಾಗಿಸಿ, ತನ್ನ ಅಪಾಯಕ್ಕೆಂದು ಒಂದಿಷ್ಟು ಕಳೆದು, ಉಳಿದದ್ದನ್ನು ಅವನು ನಿಮಗೆ ಹೇಳುತ್ತಾನೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಅವನು ಸಾವಿರ ಚೀಲ ನೋಡಿದವನು. ನೀವು ನಿಮ್ಮವನ್ನೂ ನೋಡಿಲ್ಲ. ತೊಡಕು ಇರುವದು ಅಲ್ಲಿ.

ಈ ತೊಡಕು ನಮ್ಮ ನಾಡಿಗೆ ಮಾತ್ರ ಬಂದದ್ದಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿದ್ದ ಕಾರ್ಡುಗಳನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. 1952ರಲ್ಲಿ ಟಾಪ್ಸ್ ಎಂಬ ಕಂಪನಿ ತೆಗೆದ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಕಾರ್ಡು 2022ರ ಲಿಲಾವಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಅದನ್ನು ಪರೀಕ್ಷೆ ಮಾಡಿದವರು ಹತ್ತರಲ್ಲಿ ಒಂಬತ್ತೂವರೆ ಅಂಕ ಕೊಟ್ಟಿದ್ದರು. ಮೂಲೆ ಸವೆದ ಅದೇ ಕಾರ್ಡಿಗೆ ಅದರ ಸಣ್ಣ ಪಾಲು ಕೂಡ ಬರುವದಿಲ್ಲ. ಅಲ್ಲಿಯೂ ಹಳೆಯ ಪೊಟ್ಟಣ ಕೈಗೆ ಸಿಕ್ಕವರಿಗೆ ಇದೇ ಚಿಂತೆ: ಮುಚ್ಚಿದ್ದನ್ನೇ ಮಾರಬೇಕೆ, ಬಿಚ್ಚಿ ದರ್ಜೆ ಕಟ್ಟಿಸಬೇಕೆ? ಮುಚ್ಚಿ ಮಾರಿದವನು ಆಸೆಯನ್ನು ಮಾರುತ್ತಾನೆ. ಬಿಚ್ಚಿದವನು ಆ ಆಸೆಯನ್ನು ತಾನೇ ಕೊಂಡಂತೆ. ಬಹಳ ಸಲ ಒಳಗಿಂದ ಬರುವದು ಯಾರೂ ನೆನಪಿಡದ ಆಟಗಾರರ ಚಿತ್ರ.

ಆದರೆ ಅವರಿಗಿಲ್ಲದ ಒಂದು ಅನುಕೂಲ ನಮಗಿದೆ. ಒಂದು ಪೊಟ್ಟಣ ಬಿಚ್ಚಿದರೆ ಇನ್ನೊಂದರಲ್ಲಿ ಏನಿದೆ ಎಂಬುದು ತಿಳಿಯುವದಿಲ್ಲ. ಅರಿಷಿಣ ಹಾಗಲ್ಲ. ಒಂದೇ ಹೊಲ, ಒಂದೇ ಬೀಜ, ಒಂದೇ ಕೊಪ್ಪರಿಗೆ. ಒಂದು ಕುದಿಯ ಮಾಲಿನಿಂದ ನಾಲ್ಕು ಬೊಗಸೆ ತೆಗೆದು ನೋಡಿದರೆ ಆ ಕುದಿಯ ಎಲ್ಲ ಮಾಲಿನ ಗುಣ ಹೆಚ್ಚು ಕಡಿಮೆ ತಿಳಿಯುತ್ತದೆ. ಎಲ್ಲ ಚೀಲ ಬಿಚ್ಚುವದು ಬೇಡ, ಒಂದನ್ನೂ ಬಿಚ್ಚದೆ ಇರುವದೂ ಬೇಡ.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳು ತಿಳುವಳಿಕೆಗಾಗಿ ಹಿಡಿದವು. ಪೇಟೆಯ ಇಂದಿನ ಧಾರಣೆಯಲ್ಲ. ಇದ್ದ ಹಾಗೆ ಕೊಟ್ಟರೆ ಕ್ವಿಂಟಲಿಗೆ 10,000 ರೂಪಾಯಿ ಎನ್ನೋಣ; 20 ಕ್ವಿಂಟಲಿಗೆ 2 ಲಕ್ಷ. ಆರಿಸಿ, ಡ್ರಮ್ಮಿಗೆ ಹಾಕಿ ಪಾಲಿಶ್ ಮಾಡಿಸಿದರೆ ಸಿಪ್ಪೆ, ಬೇರು, ಮಣ್ಣು ಹೋಗಿ 18 ಕ್ವಿಂಟಲ್ 80 ಕಿಲೋ ಉಳಿಯಿತೆನ್ನಿರಿ: 14 ಕ್ವಿಂಟಲ್ ಕೊಂಬು, 4 ಕ್ವಿಂಟಲ್ ಗಡ್ಡೆ, 80 ಕಿಲೋ ಚೂರು. ಗಡ್ಡೆಗೆ ಕ್ವಿಂಟಲಿಗೆ 10,000ದಂತೆ 40,000, ಚೂರಿಗೆ 5,000ದಂತೆ 4,000. ಪಾಲಿಶಿಗೂ ಆಳಿಗೂ 5,200 ಖರ್ಚು. ಕೊಂಬಿಗೆ 11,500 ಸಿಕ್ಕರೆ 1,61,000. ಎಲ್ಲ ಕೂಡಿಸಿ ಖರ್ಚು ಕಳೆದರೆ ಕೈಯಲ್ಲಿ ಉಳಿಯುವದು 1,99,800. ಎಂಟು ದಿನ ಧೂಳು ಕುಡಿದು 200 ರೂಪಾಯಿ ಕಳಕೊಂಡಂತಾಯಿತು! ಅದೇ ಕೊಂಬಿಗೆ 13,000 ಸಿಕ್ಕರೆ ಉಳಿಯುವದು 2,20,800, ಲಾಭ 20,800. ನಡುವೆ ಇರುವದು ಕೊಂಬಿನ ಗುಣವೊಂದೇ. ಸಾಂಗಲಿಗೆ ಒಯ್ಯುವದಾದರೆ ಬಾಡಿಗೆ, ಹಮಾಲಿಗಳನ್ನೂ ಈ ಲೆಕ್ಕದಲ್ಲಿ ಹಿಡಿಯಬೇಕು.

ಆದ್ದರಿಂದ ತಮ್ಮನಿಗೆ ಹೇಳಿರಿ: ಪ್ರತಿಯೊಂದು ಕುದಿಯ ಮಾಲಿನಿಂದ ಎರಡು ಮೂರು ಚೀಲ ಆರಿಸಿ, ಬಾಯಿಯ ಕಡೆಯಿಂದಲೂ ತಳದ ಕಡೆಯಿಂದಲೂ ಒಂದೊಂದು ಕಿಲೋ ತೆಗೆಯಲಿ. ಕುದಿಗೊಂದು ಗುಂಪು ಮಾಡಿ ಅರಿವೆಯ ಮೇಲೆ ಸುರಿದು ಕೊಂಬು, ಗಡ್ಡೆ, ಚೂರು, ಮಣ್ಣು ಬೇರೆ ಮಾಡಿ ತೂಗಲಿ. ಕೊಂಬನ್ನು ಗೋಣಿತಟ್ಟಿನಲ್ಲಿ ಹಾಕಿ ತಿಕ್ಕಲಿ. ಹೊಳಪು ಎಷ್ಟು ಬರುತ್ತದೆಂಬುದು ತಿಳಿಯುತ್ತದೆ. ನಾಲ್ಕು ಕೊಂಬು ಮುರಿದು ಒಳಬಣ್ಣ ನೋಡಲಿ. ಸರಿಯಾಗಿ ಕುದಿದದ್ದರ ಬಣ್ಣ ಅಂಚಿನಿಂದ ನಡುವಿನವರೆಗೆ ಒಂದೇ ಸಮನಾಗಿರುತ್ತದೆ. ಆ ಮಾದರಿಯನ್ನು ಎರಡು ಅಡತಿ ಅಂಗಡಿಗಳಲ್ಲಿ ತೋರಿಸಿ ಧಾರಣೆ ಕೇಳಲಿ. ಇಷ್ಟಕ್ಕೆ ತಗಲುವದು ಒಂದು ಸಂಜೆ, ಒಂದು ಮುಂಜಾನೆ. ವ್ಯಾಪಾರಿ ಅಷ್ಟು ಹೊತ್ತು ಕಾಯಲಾರೆನೆಂದರೆ, ಅವನ ಅವಸರವೇ ನಿಮಗೆ ಒಂದು ಸುದ್ದಿ.

ಮಾದರಿ ಒಳ್ಳೆಯದಾಗಿ ಬಂದರೆ ಅವ್ವನ ಮಾತು ನಡೆಯಲಿ. ಸಾಧಾರಣವಾಗಿ ಬಂದರೆ ಇದ್ದ ಹಾಗೆ ಮಾರಿರಿ. ಆರಿಸುವ ಖರ್ಚು ಹೊರಬೇಡಿರಿ. ಆದರೆ ಮಾದರಿ ಕೆಟ್ಟದ್ದೆಂದು ಕಂಡ ಮೇಲೆ ಮತ್ತೆ ಬಾಯಿ ಹೊಲಿದು, ಏನೂ ತಿಳಿಯದವರಂತೆ ಮಾರುವದು ಬೇರೆ ಮಾತು. ಚೀಲದ ಬಾಯಿಗೆ ಒಳ್ಳೆಯದನ್ನೂ ತಳಕ್ಕೆ ಹುಳುಕನ್ನೂ ತುಂಬಿದವನ ಹೆಸರು ಪೇಟೆಯಲ್ಲಿ ಒಂದು ವರ್ಷ ನಡೆದೀತು, ಎರಡನೆಯ ವರ್ಷ ನಡೆಯದು. ಬಣ್ಣ ಸಾಲದೆಂದು ಸೀಸದ ಹಳದಿ ಬಣ್ಣ ಹಚ್ಚುವದಂತೂ ವ್ಯಾಪಾರವೇ ಅಲ್ಲ, ವಿಷ ಹಂಚುವದು. ಆ ಅರಿಷಿಣ ತಿರುಗಿ ಬರುವದು ನಮ್ಮ ನಿಮ್ಮ ಮನೆಯ ಅಡಿಗೆಗೇ, ಮಕ್ಕಳ ಹಾಲಿಗೇ.

"ಮಾರುವದೇ ಬೇಡ, ಮುಚ್ಚಿಡೋಣ" ಎನ್ನುವವರೂ ಇದ್ದಾರೆ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ತೆರೆದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗುವವರೆಗೆ ಕಾಯುತ್ತಿದ್ದರು. ಒಮ್ಮೆ ತೆರೆದದ್ದನ್ನು ಬರಿದು ಮಾಡುವದೇ ವಾಡಿಕೆ. ಸಾಂಗಲಿಯ ಬದಿಯ ಹರಿಪುರದಲ್ಲಿ ಅರಿಷಿಣವನ್ನು ಇಂಥದೇ ನೆಲಗುಂಡಿಗಳಲ್ಲಿ ಇಡುತ್ತಿದ್ದರು. ಅವನ್ನು ಅಲ್ಲಿ ಪೇವ ಎನ್ನುತ್ತಾರೆ. 2005ರಲ್ಲಿ ಕೃಷ್ಣೆಯ ಮಹಾಪೂರ ಬಂದು ಅನೇಕ ಪೇವಗಳು ಹಾಳಾದವು. 2019ರಲ್ಲಿ ನಮ್ಮ ಘಟಪ್ರಭೆಯೂ ದಂಡೆಯ ಊರುಗಳಿಗೆ ನುಗ್ಗಿತು. ಧಾರಣೆಯೂ ಹೊಳೆಯಂತೆಯೇ: 2010ರಲ್ಲಿ ಬಹಳ ಮೇಲಕ್ಕೆ ಏರಿದ ಅರಿಷಿಣದ ಬೆಲೆ 2012ರ ಹೊತ್ತಿಗೆ ಪಾತಾಳ ಕಂಡಿತು. ಇಡುವದಾದರೆ ಒಳಗೆ ಏನಿದೆ ಎಂದು ನೋಡಿ ಇಡಿರಿ. ನೋಂದಾಯಿತ ಉಗ್ರಾಣದಲ್ಲಿಟ್ಟು ಅದರ ರಸೀದಿಯ ಮೇಲೆ ಬ್ಯಾಂಕಿನ ಸಾಲ ಕೇಳಬಹುದು. ಅಂಜಿಕೆಯಿಂದ ಮುಚ್ಚಿಡುವದು ಜಾಣತನವಲ್ಲ.

ಕೊನೆಗೊಂದು ಮಾತು. ಬಿಚ್ಚಿ ನೋಡಿದ ಮಾದರಿ ಈ ವರ್ಷದ ಧಾರಣೆಯನ್ನಷ್ಟೇ ಹೇಳುವದಿಲ್ಲ. ಯಾವ ಕುದಿ ಹಸಿ ಉಳಿಯಿತು, ಯಾವ ಮಡಿಯ ಗಡ್ಡೆಗೆ ರೋಗ ತಗಲಿತು, ಮುಂದಿನ ಬೀಜಕ್ಕೆ ಯಾವುದನ್ನು ಹಿಡಿಯಬೇಕು ಎಂಬುದನ್ನೂ ಹೇಳುತ್ತದೆ. ವರ್ಷವರ್ಷವೂ ಬಾಯಿ ಹೊಲಿದೇ ಮಾರಿದವನಿಗೆ ತನ್ನ ಹೊಲದ ಸುದ್ದಿ ವ್ಯಾಪಾರಿಯ ಮನೆಯಲ್ಲಿ ಉಳಿಯುತ್ತದೆ.

ಆದ್ದರಿಂದ ಫೋನು ಇಡುವ ಮೊದಲು ತಮ್ಮನಿಗೆ ಇಷ್ಟು ಹೇಳಿರಿ: "ವ್ಯಾಪಾರಿಗೆ ಚಹಾ ಕೊಟ್ಟು ಕಳಸು. ನಾಳಿಗೆ ಹೇಳ್ತೀವಿ ಅನ್ನು. ಮಾದರಿ ತಗಿ, ತೂಗು, ಬರದಿಡು. ಅವ್ವನ್ನ ಮುಂದ ಕುಂದರ್ಸು, ಆಕಿ ಕಣ್ಣು ನಮಗಿಂತ ಛಲೋ ಅದಾವ. ಲೆಕ್ಕಾ ಏನ್ ಹೇಳ್ತದ, ಹಂಗ ಮಾಡೂಣು."