ಮಕ್ಕಳು ಅಳೆಯಲಿ, ಬರೆಯಲಿ, ಗೆರೆ ಎಳೆಯಲಿ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸ)



ಉಳಿತಾಯ, ಸಾಲ, ಮರುಪಾವತಿ ಬಗ್ಗೆ ಪ್ರತಿ ಸಭೆಯಲ್ಲೂ ಮಾತಾಡ್ತೇವೆ. ಇವತ್ತು ಬೇರೆ ವಿಷಯ. ನಮ್ಮ ಮನೆಯ ಆರರಿಂದ ಹತ್ತು ವರ್ಷದ ಮಕ್ಕಳಿಗೆ ಅಳತೆ ಮಾಡೋದು, ಬರೆದಿಡೋದು, ಅದನ್ನು ಗ್ರಾಫ್ ಆಗಿ ತೋರಿಸೋದು ಹೇಗೆ ಕಲಿಸಬೇಕು ಅನ್ನೋ ವಿಷಯ. "ಅದು ಟೀಚರ್ ಕೆಲಸ ಅಲ್ವಾ ಸಿಸ್ಟರ್?" ಅಂತ ನೀವು ಕೇಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ನಮ್ಮ ಕಣ್ಣು ತೆರೆಸಿದವಳು ನಾಲ್ಕನೇ ತರಗತಿಯ ಒಬ್ಬ ಹುಡುಗಿ.

ಮಲಗಿದ ಗೆರೆ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಹಳ್ಳಿಯಲ್ಲಿ ಸಂಘದ ಸದಸ್ಯೆಯೊಬ್ಬರ ಮನೆಗೆ ಹೋಗಿದ್ದೆವು. ಅವರು ಉಳಿತಾಯದ ಪಾಸ್‌ಬುಕ್ ಹುಡುಕಲು ಟ್ರಂಕ್ ತೆಗೆದಾಗ ಚಿಕ್ಕ ಮಗುವಿನ ತಾಯಿ ಕಾರ್ಡ್ ಕೆಳಗೆ ಬಿತ್ತು. ಮಗಳು ಎತ್ತಿಕೊಂಡು ನೋಡಿ, "ಅಮ್ಮಾ, ತಮ್ಮನ ಗೆರೆ ಮೇಲೆ ಹೋಗ್ತಾನೇ ಇಲ್ಲ, ಮಲಗಿಬಿಟ್ಟಿದೆ" ಅಂದಳು. ನೋಡಿದರೆ ಹೌದು. 11, 12, 13ನೇ ತಿಂಗಳು, ಮೂರು ಸಲವೂ 8 ಕೆಜಿ 200 ಗ್ರಾಂ. ಆ ವಯಸ್ಸಿನ ಮಗುವಿನ ತೂಕ ತಿಂಗಳಿಗೆ ಸುಮಾರು 200 ಗ್ರಾಂ ಏರಬೇಕು.

ಚುಕ್ಕೆಗಳು ಇನ್ನೂ ಹಸಿರು ಪಟ್ಟಿಯಲ್ಲೇ ಇದ್ದವು. ಅದಕ್ಕೇ ಯಾರಿಗೂ ಚಿಂತೆ ಆಗಿರಲಿಲ್ಲ. ತಾಯಿ "ತೂಕ ಹಾಕಿಸಿದೆ, ಆಯ್ತು" ಅಂದುಕೊಂಡಿದ್ದರು. ಅವರನ್ನು ದೂರೋದು ಹೇಗೆ? ಸಮಾಜಕಾರ್ಯ ಓದಿದ ನಾವೇ ಹಿಂದಿನ ಭೇಟಿಯಲ್ಲಿ ಅದೇ ಕಾರ್ಡ್ ಕೈಯಲ್ಲಿ ಹಿಡಿದು, ಚುಚ್ಚುಮದ್ದಿನ ಪುಟ ಮಾತ್ರ ನೋಡಿ ವಾಪಸ್ ಕೊಟ್ಟಿದ್ದೆವು. ಆ ದಿನ ನಮಗೆ ನಾಚಿಕೆ ಆಯ್ತು.

ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಮೇಲಿಂದ ಮೇಲೆ ಭೇದಿ ಆಗ್ತಿತ್ತು. ಎದೆಹಾಲಿನ ಜೊತೆ ಕೊಡ್ತಿದ್ದುದು ದಿನಕ್ಕೆ ಎರಡೇ ಸಲ, ಅದೂ ನೀರು ಗಂಜಿ. ಭೇದಿಗೆ ಚಿಕಿತ್ಸೆ ಆಯ್ತು. ಗಂಜಿ ಗಟ್ಟಿಯಾಯ್ತು, ಬೇಳೆ, ಮೊಟ್ಟೆ, ಒಂದು ಚಮಚ ಎಣ್ಣೆ ಸೇರಿತು, ಎರಡು ಊಟ ನಾಲ್ಕಾಯ್ತು. ಎರಡು ತಿಂಗಳಲ್ಲಿ ಗೆರೆ ಮತ್ತೆ ಎದ್ದಿತು.

ಅಷ್ಟು ಚಿಕ್ಕ ಹುಡುಗಿಗೆ ಹೇಗೆ ಗೊತ್ತಾಯ್ತು? ಭಾನುವಾರದ ಮಕ್ಕಳ ಕೂಟದಲ್ಲಿ ಅವಳು ಅವರೆ ಗಿಡದ ಗ್ರಾಫ್ ಮಾಡಿದ್ದಳು. "ನೀರು ಹಾಕೋದು ಮರೆತಾಗ ನನ್ನ ಗಿಡದ ಗೆರೆಯೂ ಹೀಗೇ ಮಲಗಿತ್ತು" ಅಂದಳು. ತಾನೇ ಅಳೆದು, ತಾನೇ ಗೆರೆ ಎಳೆದ ಮಗುವಿಗೆ ಬೇರೆಯವರು ಎಳೆದ ಗೆರೆಯೂ ಅರ್ಥ ಆಗುತ್ತೆ.

ಕಲಿಸೋದು ಹೇಗೆ?

ಖರ್ಚು ಏನೂ ಇಲ್ಲ. ಒಂದು ಸ್ಕೇಲು, ಹಳೇ ಪೇಪರು, ಅಂಟು, ತೆಂಗಿನ ಚಿಪ್ಪು, ನಾಲ್ಕು ಅವರೆಕಾಳು ಸಾಕು.

1. ಮೊದಲು ಗೇಣಿನಿಂದ ಶುರು ಮಾಡಿ. ಹೊಸ್ತಿಲು ಎಷ್ಟು ಗೇಣು ಅಂತ ಮಗು ಅಳೆಯಲಿ, ಆಮೇಲೆ ನೀವು ಅಳೆಯಿರಿ. ಮಗುವಿಗೆ ಏಳು, ನಿಮಗೆ ಐದು ಬರಬಹುದು. ಹೊಸ್ತಿಲು ಒಂದೇ, ಲೆಕ್ಕ ಯಾಕೆ ಬೇರೆ? ಮಗುವೇ ಯೋಚನೆ ಮಾಡಲಿ. ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಅನ್ನೋದು ಅಲ್ಲೇ ತಿಳಿಯುತ್ತೆ.

2. ಆಮೇಲೆ ಸ್ಕೇಲು ಕೊಡಿ. ಮಕ್ಕಳು ಸ್ಕೇಲಿನ ತುದಿಯಿಂದ ಅಥವಾ 1ರಿಂದ ಅಳೆಯೋದೇ ಹೆಚ್ಚು. 0 ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲಿ. ಒಂದು ಸಲ ಅಳೆದದ್ದನ್ನು ಇನ್ನೊಮ್ಮೆ ಅಳೆದು ನೋಡಲಿ.

3. ಚಿಪ್ಪಿನಲ್ಲಿ ಅವರೆಕಾಳು ಹಾಕಿ. ಮೊಳಕೆ ಮಣ್ಣಿನಿಂದ ಮೇಲೆ ಬಂದ ದಿನದಿಂದ, ದಿನಾ ಒಂದೇ ಹೊತ್ತಿಗೆ, ಗಿಡದ ಎತ್ತರಕ್ಕೆ ಸರಿಯಾಗಿ ಒಂದು ಕಾಗದದ ಪಟ್ಟಿ ಕತ್ತರಿಸಲಿ. ಪಟ್ಟಿಯ ಮೇಲೆ ತಾರೀಖು, ಎಷ್ಟು ಸೆಂಟಿಮೀಟರ್ ಅಂತ ಬರೆಯಲಿ.

4. ಪಟ್ಟಿಗಳನ್ನು ದೊಡ್ಡ ಹಾಳೆಯ ಮೇಲೆ, ಒಂದೇ ಅಡಿಗೆರೆಯ ಮೇಲೆ, ಸಮ ಅಂತರದಲ್ಲಿ ಸಾಲಾಗಿ ಅಂಟಿಸಲಿ. ನೋಡಿ, ಮೆಟ್ಟಿಲು ಆಯ್ತಲ್ಲ! ಅದೇ ಗ್ರಾಫ್. ಪಟ್ಟಿಗಳ ತುದಿಗೆ ಚುಕ್ಕೆ ಇಟ್ಟು ಗೆರೆ ಸೇರಿಸಿದರೆ ತಾಯಿ ಕಾರ್ಡಿನಂಥದ್ದೇ ಗೆರೆ ಬರುತ್ತೆ.

5. ಕೊನೆಗೆ ಮಾತಾಡಿಸಿ. ಇದು ಮುಖ್ಯ. ಯಾವ ದಿನ ಜಾಸ್ತಿ ಬೆಳೆಯಿತು? ಯಾವ ದಿನ ನಿಂತಿತು? ಯಾಕಿರಬಹುದು? ನಾಳೆ ಎಷ್ಟಾಗಬಹುದು? ಉತ್ತರವನ್ನು ನೀವು ಹೇಳಿಕೊಡಬೇಡಿ.

ಸ್ವಲ್ಪ ದೊಡ್ಡ ಮಕ್ಕಳು ಮಳೆ ಅಳೆಯಬಹುದು. ಅಡಿಯಿಂದ ಬಾಯಿವರೆಗೆ ಒಂದೇ ಅಗಲ ಇರುವ, ತಳ ಸಮ ಇರುವ ಡಬ್ಬವನ್ನು ಮರ, ಸೂರು ಇಲ್ಲದ ಬಯಲಲ್ಲಿ ಇಟ್ಟು, ಬೆಳಿಗ್ಗೆ ಎಂಟೂವರೆಗೆ ನೀರಿನ ಎತ್ತರ ಅಳೆಯಲಿ. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯೋದು. ಆರಿದ್ರಾ ಎಷ್ಟು, ಪುನರ್ವಸು ಎಷ್ಟು, ಪುಷ್ಯ ಎಷ್ಟು ಅಂತ ಮಳೆ ನಕ್ಷತ್ರದ ಪ್ರಕಾರ ಕೂಡಿಸಿ ಪಟ್ಟಿ ಅಂಟಿಸಿದರೆ ಅಜ್ಜ ಅಜ್ಜಿಯೂ ಬಂದು ನೋಡ್ತಾರೆ.

ತಪ್ಪಿದ ದಿನ ಖಾಲಿ ಇರಲಿ

ನಮ್ಮ ಕೂಟದಲ್ಲಿ ಒಬ್ಬ ಹುಡುಗ ಜಾತ್ರೆಗೆ ಹೋಗಿ ಎರಡು ದಿನ ಗಿಡ ಅಳೆಯಲಿಲ್ಲ. ಆದರೂ ಹಾಳೆಯಲ್ಲಿ ಪಟ್ಟಿ ಅಂಟಿಸಿದ್ದ. ಕೇಳಿದ್ದಕ್ಕೆ "ಸುಮಾರು ಅಷ್ಟೇ ಇರುತ್ತೆ ಸಿಸ್ಟರ್" ಅಂದ. ನಾವು ಬೈಯಲಿಲ್ಲ. ಅವನ ತಾಯಿ ಸಂಘದ ಪುಸ್ತಕ ಬರೆಯೋರು. ಅವರನ್ನೇ ಕೇಳಿದೆವು, "ಒಬ್ಬ ಸದಸ್ಯೆ ದುಡ್ಡು ಕಟ್ಟದೇ ಇದ್ದರೆ, ಸುಮಾರು ಕಟ್ಟಿರಬಹುದು ಅಂತ ಬರೀತೀರಾ?" ಎಲ್ಲರೂ ನಕ್ಕರು. ಹುಡುಗ ತಾನೇ ಪಟ್ಟಿ ಕಿತ್ತು ಜಾಗ ಖಾಲಿ ಬಿಟ್ಟ.

ಖಾಲಿ ಜಾಗ ಅವಮಾನ ಅಲ್ಲ. ಸುಳ್ಳು ಅಂಕಿ ಅಪಾಯ. ಅಂಗನವಾಡಿಯಲ್ಲಿ ತೂಕ ಹಾಕದೆ ಹೋದ ತಿಂಗಳು ಯಾರಾದರೂ ಅಂದಾಜಿಗೆ ಚುಕ್ಕೆ ಇಟ್ಟರೆ ಸೊರಗುತ್ತಿರುವ ಮಗು ಕಾಗದದಲ್ಲಿ ಬೆಳೆದುಬಿಡುತ್ತೆ. ತಕ್ಕಡಿ, ಅಳತೆ ನ್ಯಾಯವಾಗಿರಬೇಕು ಅನ್ನೋದು ಪವಿತ್ರ ಗ್ರಂಥದ ಬೋಧನೆಯೂ ಹೌದು, ನಮ್ಮ ಹಿರಿಯರ ಬುದ್ಧಿಮಾತೂ ಹೌದು.

ಗ್ರಾಫ್ ತಾಯಿಯ ಕೈಯಲ್ಲಿರಲಿ

ತೂಕದ ಈ ಕಾರ್ಡನ್ನು ತಾಯಂದಿರ ಕೈಗೇ ಕೊಡಬೇಕು ಅಂತ ದಾರಿ ತೋರಿಸಿದವರಲ್ಲಿ ಡೇವಿಡ್ ಮಾರ್ಲೆ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯರು ಪ್ರಮುಖರು. 1950ರ ದಶಕದಲ್ಲಿ ಅವರು ಆಫ್ರಿಕಾದ ನೈಜೀರಿಯಾದ ಹಳ್ಳಿಯಲ್ಲಿ ಸೇವೆ ಮಾಡುತ್ತಿದ್ದರು. ನಮ್ಮ ದೇಶದಲ್ಲಿ ಅಂಗನವಾಡಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಈಗಿನ ಕಾರ್ಡಿನ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ಇವೆ. ಅದಕ್ಕಾಗಿ ಆರು ದೇಶಗಳ ಮಕ್ಕಳನ್ನು ಅಳೆದಿದ್ದರು, ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು.

2021ರಿಂದ ಅಂಗನವಾಡಿಯ ತೂಕ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ಗೂ ಹೋಗುತ್ತೆ. ಒಳ್ಳೆಯದೇ. ಆದರೆ ಮೊಬೈಲಿಗೆ ಹೋದ ಅಂಕಿ ನಮ್ಮ ಕಣ್ಣಿಗೆ ಬೀಳಲ್ಲ. ಕಾರ್ಡಿನಲ್ಲೂ ಚುಕ್ಕೆ ಇಡಿಸಿಕೊಳ್ಳಿ. ಯಾವ ಬಣ್ಣದಲ್ಲಿದೆ ಅಂತ ಮಾತ್ರ ನೋಡಬೇಡಿ, ಗೆರೆ ಯಾವ ಕಡೆ ಹೋಗ್ತಿದೆ ಅಂತಲೂ ನೋಡಿ. ಮಲಗಿದ್ದರೆ, ಇಳಿದಿದ್ದರೆ, ಹಸಿರಿನಲ್ಲೇ ಇದ್ದರೂ ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೂಡಲೇ ಕೇಳಿ.

ಸಹೋದರಿಯರೇ, ಇವತ್ತು ಮನೆಗೆ ಹೋಗಿ ಎರಡು ಕೆಲಸ ಮಾಡಿ. ಒಂದು, ಟ್ರಂಕಿನಲ್ಲಿರುವ ತಾಯಿ ಕಾರ್ಡ್ ಹೊರಗೆ ತೆಗೆದು ಶಾಲೆಗೆ ಹೋಗುವ ಮಗುವಿನ ಕೈಗೆ ಕೊಟ್ಟು, "ಈ ಗೆರೆ ಏನು ಹೇಳ್ತಿದೆ?" ಅಂತ ಕೇಳಿ. ಎರಡು, ಒಂದು ಚಿಪ್ಪಿನಲ್ಲಿ ಮಣ್ಣು ತುಂಬಿ ಅವರೆಕಾಳು ಹಾಕಿ. ಮುಂದಿನ ತಿಂಗಳ ಸಭೆಗೆ ಉಳಿತಾಯದ ಪುಸ್ತಕದ ಜೊತೆ ಮಕ್ಕಳ ಹಾಳೆಯನ್ನೂ ತನ್ನಿ, ಗೋಡೆಗೆ ಹಾಕೋಣ.

ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.