ಬೇರೆ ಬಗೆಯ ಮನಸ್ಸಿಗೂ ಊರಲ್ಲಿ ಜಾಗ

ಆಟಿಸಂ, ಕಲಿಕಾ ನ್ಯೂನತೆ ಇರುವವರ ಮಿದುಳು ಕೆಲಸ ಮಾಡುವ ಬಗೆಯೇ ಬೇರೆ. ಅದೂ ಮನುಷ್ಯ ವೈವಿಧ್ಯವೇ ಎಂಬ ನರವೈವಿಧ್ಯದ ವಿಚಾರ 1990ರ ದಶಕದಲ್ಲಿ ರೂಪುಗೊಂಡಿತು. ಭಾರತದ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಆಗಲಿ ಕಲಿಕಾ ನ್ಯೂನತೆ ಆಗಲಿ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯಲ್ಲಿನ ವೈಕಲ್ಯಗಳನ್ನು 7ರಿಂದ 21ಕ್ಕೆ ಏರಿಸಿ, ಇವೆರಡನ್ನೂ ಸೇರಿಸಿತು. ಹಾಗಾಗಿ ಇವರಿಗೆ ನೆರವು ಹಕ್ಕು, ಯಾರ ಕರುಣೆಯೂ ಅಲ್ಲ.

ಆದರೆ ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಆ ಹಕ್ಕು ಮನೆಬಾಗಿಲಿಗೆ ಬರುವುದು ಸುಲಭವಲ್ಲ. ಇಲ್ಲಿ ಮನೆಗಳು ತೋಟದಂಚಿನಲ್ಲಿ ಒಂದೊಂದಾಗಿ ಚದುರಿವೆ. ತಜ್ಞರ ತಪಾಸಣೆಗೆ ಶಿವಮೊಗ್ಗಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕು. ಥೆರಪಿಯಂತೂ ವಾರವಾರವೂ ಬೇಕು. ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ಕೂಲಿ ಮಾಡುವ ತಾಯಿ ದಿನದ ದುಡಿಮೆ ಬಿಟ್ಟು ಬಸ್ಸು ಹತ್ತಬೇಕು. ಅಡಿಕೆ ಸುಲಿಯುವ ಯಂತ್ರದ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುವ ಮಗುವನ್ನು ಊರು ಹಟಮಾರಿ ಎನ್ನುತ್ತದೆ. ಆ ಸದ್ದು ಮಗುವಿಗೆ ನಿಜವಾದ ನೋವು.

ಈ ಹೊರೆ ಇಳಿಸಲು ಊರಲ್ಲೇ ದಾರಿಯಿದೆ. ಗ್ರಾಮ ಪಂಚಾಯಿತಿ ಅಂಗವಿಕಲರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕು. ಅವರಿಗೆ ನೆರವಾಗಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಮೀಸಲಿಟ್ಟ ಹಣ ಗಾಲಿಕುರ್ಚಿಗೆ ಇಳಿಜಾರು ಕಟ್ಟುವುದಕ್ಕಷ್ಟೇ ಮುಗಿಯಬಾರದು. ಥೆರಪಿಗೆ ಓಡಾಡುವ ಖರ್ಚಿಗೂ ಸಿಗಬೇಕು. ಅದು ಹೇಗೆ ಖರ್ಚಾಗಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಈ ಮಕ್ಕಳ ಮನೆಯವರನ್ನೂ, ಆಟಿಸಂ, ಕಲಿಕಾ ನ್ಯೂನತೆಯೊಂದಿಗೆ ಬೆಳೆದು ದೊಡ್ಡವರಾದವರನ್ನೂ ಮೊದಲು ಕೇಳಿ.